ಮಾತಿಲ್ಲದ ಒಂದು ಗಂಟೆ: ಕ್ವೇಕರ್ ಸಭೆಗೆ ಮೊದಲ ಸಲ ಹೋಗುವವರಿಗೆ ಸೂತ್ರಗಳು

ಫಿಲಡೆಲ್ಫಿಯಾದ ಸುತ್ತಲಿನ ಹಳೆಯ ಊರುಗಳಲ್ಲಿ, ಇಂಗ್ಲೆಂಡಿನ ಅನೇಕ ಪಟ್ಟಣಗಳಲ್ಲಿ ‘ಫ್ರೆಂಡ್ಸ್ ಮೀಟಿಂಗ್ ಹೌಸ್’ ಎಂಬ ಬೋರ್ಡು ಹಾಕಿದ ಸಾದಾ ಕಟ್ಟಡವೊಂದು ಇರುತ್ತದೆ. ಶಿಲುಬೆ ಇಲ್ಲ, ಗೋಪುರ ಇಲ್ಲ, ಗಂಟೆ ಇಲ್ಲ. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿ ಆರು ತಿಂಗಳು ಇದ್ದು ಬರುವ ನಮ್ಮ ಹಿರಿಯರು ವಾಕಿಂಗಿಗೆ ಹೊರಟಾಗ ಅದರ ಮುಂದೆ ಹಾದುಹೋಗಿರುತ್ತಾರೆ. ಫ್ರೆಂಡ್ಸ್ ಶಾಲೆಗಳಲ್ಲಿ ಓದುವ ಮಕ್ಕಳಿದ್ದರೆ, ವಾರಕ್ಕೊಮ್ಮೆ ಇಡೀ ಶಾಲೆ ಬಾಯಿ ಮುಚ್ಚಿ ಕೂರುವ ಪದ್ಧತಿಯ ಬಗ್ಗೆ ಮನೆಯಲ್ಲಿ ಮಾತು ಬಂದಿರುತ್ತದೆ.

‘ಫ್ರೆಂಡ್ಸ್’ ಎಂದೂ ಕರೆಸಿಕೊಳ್ಳುವ ಕ್ವೇಕರರ ಆರಾಧನೆ ಅದು. ಪಾದ್ರಿ ಇಲ್ಲ, ಪ್ರವಚನ ಇಲ್ಲ, ಮೊದಲೇ ಬರೆದಿಟ್ಟ ಕ್ರಮವಿಲ್ಲ. ಸುಮಾರು ಒಂದು ಗಂಟೆ ಎಲ್ಲರೂ ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಆಡಿ ಕೂರುತ್ತಾರೆ. ನೋಡಲು ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಧ್ಯಾನ, ಜಪ, ಮೌನವ್ರತಗಳನ್ನು ಬಲ್ಲ ನಮಗಂತೂ ಇದರಲ್ಲಿ ಕಲಿಯುವುದೇನಿದೆ ಅನ್ನಿಸಬಹುದು. ನಮ್ಮ ಆ ಅಭ್ಯಾಸ ಅರ್ಧ ದಾರಿಯವರೆಗೆ ಕೈಹಿಡಿಯುತ್ತದೆ, ಉಳಿದರ್ಧದಲ್ಲಿ ಅಡ್ಡ ಬರುತ್ತದೆ. ಅಲ್ಲಿನ ಮೌನ ಒಬ್ಬೊಬ್ಬರ ಸ್ವಂತದ್ದಲ್ಲ, ಕೂತವರೆಲ್ಲ ಸೇರಿ ಮಾಡುವಂಥದ್ದು. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದ ಸೂತ್ರಗಳೆಲ್ಲ ತಾವಾಗಿ ಹಿಂದೆ ಬರುತ್ತವೆ.

1. ಯಾವ ಬಗೆಯ ಸಭೆ ಎಂದು ಮೊದಲೇ ವಿಚಾರಿಸಿ

ಜಗತ್ತಿನಲ್ಲಿ ಸುಮಾರು 4 ಲಕ್ಷ ಕ್ವೇಕರರಿದ್ದಾರೆ. ಅತಿ ಹೆಚ್ಚು ಇರುವುದು ಕೀನ್ಯಾದಲ್ಲಿ. ಅಲ್ಲಿನ ಆರಾಧನೆಯಲ್ಲಿ ಪಾಸ್ಟರ್, ಹಾಡು, ಪ್ರಸಂಗ ಎಲ್ಲವೂ ಇರುತ್ತವೆ. ಮೌನದ ಸಭೆಗಳು ನಡೆಯುವುದು ಮುಖ್ಯವಾಗಿ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ. ಅಮೆರಿಕದಲ್ಲಿ ಎರಡೂ ಬಗೆಯವು ಇವೆ. ‘ಫ್ರೆಂಡ್ಸ್ ಚರ್ಚ್’ ಎಂಬ ಹೆಸರಿದ್ದು ಪಾಸ್ಟರ್ ಹೆಸರನ್ನೂ ಹಾಕಿದ್ದರೆ ಅಲ್ಲಿ ಹಾಡು, ಪ್ರಸಂಗ ಇರುತ್ತವೆಂದು ತಿಳಿಯಿರಿ. ‘ಅನ್‌ಪ್ರೋಗ್ರಾಮ್ಡ್’ ಎಂದಿದ್ದರೆ ಈ ಬರಹದಲ್ಲಿ ಹೇಳುತ್ತಿರುವ ಸಭೆ ಅದೇ.

ಅಂಗಡಿಯಲ್ಲಿ ಸಿಗುವ ಕ್ವೇಕರ್ ಓಟ್ಸ್‌ಗೂ ಇವರಿಗೂ ಸಂಬಂಧವಿಲ್ಲ. ಆ ಕಂಪನಿ ಹೆಸರನ್ನಷ್ಟೇ ಇಟ್ಟುಕೊಂಡಿತು. ಕ್ಯಾಡ್ಬರಿ ಚಾಕೊಲೇಟು ಮಾತ್ರ ನಿಜಕ್ಕೂ ಕ್ವೇಕರ್ ಮನೆತನವೊಂದು ಶುರುಮಾಡಿದ್ದು.

2. ಹತ್ತು ನಿಮಿಷ ಮುಂಚೆ ತಲುಪಿ

ಸಭೆ ಶುರುವಾಯಿತೆಂದು ಯಾರೂ ಸಾರುವುದಿಲ್ಲ. ಮೊದಲು ಬಂದವರು ಒಳಗೆ ಹೋಗಿ ಕೂತು ಸುಮ್ಮನಾದ ಗಳಿಗೆಯಿಂದಲೇ ಅದು ಶುರು. ಬೋರ್ಡಿನಲ್ಲಿ 10:30 ಎಂದಿದ್ದರೆ 10:20ಕ್ಕೇ ಕೋಣೆ ಹದವಾಗತೊಡಗಿರುತ್ತದೆ. ಬಾಗಿಲಲ್ಲಿ ಒಬ್ಬರು ನಿಂತು ಬಂದವರ ಕೈಕುಲುಕುತ್ತಾರೆ. ಮೊದಲ ಸಲ ಬಂದಿದ್ದೇನೆ ಎಂದು ಅವರಿಗೆ ಹೇಳಿ. ಹೊಸಬರಿಗಾಗಿ ಇಟ್ಟ ಪುಟ್ಟ ಕರಪತ್ರ ಕೊಡುತ್ತಾರೆ, ಶೌಚಾಲಯ ಎಲ್ಲಿದೆ, ಮಕ್ಕಳ ಕೋಣೆ ಯಾವುದು ಎಂದು ತೋರಿಸುತ್ತಾರೆ.

ತಡವಾದರೆ ವಾಪಸ್ ಹೋಗಬೇಕಿಲ್ಲ. ಬಾಗಿಲ ಬಳಿ ಇರುವವರು ಹೇಳಿದಾಗ ಒಳಗೆ ಹೋದರಾಯಿತು. ತಡವಾಗಿ ಬಂದವರನ್ನೆಲ್ಲ ಒಟ್ಟಿಗೆ ಒಳಬಿಡುವ ರೂಢಿ ಹಲವೆಡೆ ಇದೆ. ಯಾರಾದರೂ ಎದ್ದು ಮಾತಾಡುತ್ತಿರುವಾಗ ಮಾತ್ರ ಒಳಗೆ ಕಾಲಿಡಬೇಡಿ. ಮೊಬೈಲನ್ನು ಪೂರ್ತಿ ಆಫ್ ಮಾಡಿ. ಮರದ ಬೆಂಚಿನ ಮೇಲೆ ವೈಬ್ರೇಷನ್ ಸದ್ದು ಕೋಣೆಯ ಆ ತುದಿಗೂ ಕೇಳಿಸುತ್ತದೆ.

3. ಉಡುಪಿನ ಚಿಂತೆ ಬಿಡಿ

ಬೂದುಬಣ್ಣದ ಬಟ್ಟೆ, ಅಗಲ ಅಂಚಿನ ಹ್ಯಾಟು, ಬಾನೆಟ್ಟು ಎಲ್ಲ ಹಳೆಯ ಚಿತ್ರಗಳಲ್ಲಿ ಉಳಿದಿವೆ. ಈಗ ಜೀನ್ಸು, ಸ್ವೆಟರು. ಸೀರೆ ಉಟ್ಟು ಕುಂಕುಮ ಇಟ್ಟು ಹೋದರೂ ಯಾರೂ ಹುಬ್ಬೇರಿಸುವುದಿಲ್ಲ. ಚಪ್ಪಲಿ ಹೊರಗೆ ಬಿಡುವ ಪದ್ಧತಿ ಇಲ್ಲ.

4. ಎಲ್ಲಿ ಬೇಕಾದರೂ ಕೂರಿ

ಬೆಂಚು ಅಥವಾ ಕುರ್ಚಿಗಳು ಎದುರುಬದುರಾಗಿಯೋ ವೃತ್ತಾಕಾರದಲ್ಲೋ ಇರುತ್ತವೆ. ಮುಂದೆ ಎಂಬ ದಿಕ್ಕೇ ಇಲ್ಲ, ಎಲ್ಲರೂ ನೋಡುವುದು ಒಬ್ಬರನ್ನೊಬ್ಬರು. ಹಳೆಯ ಅಮೆರಿಕನ್ ಸಭಾಗೃಹಗಳಲ್ಲಿ ಒಂದು ಬದಿಗೆ ತುಸು ಎತ್ತರದ ಬೆಂಚುಗಳ ಸಾಲು ಕಾಣುತ್ತದೆ. ಹಿಂದೆ ಹಿರಿಯರು ಅಲ್ಲಿ ಕೂರುತ್ತಿದ್ದರು. ಫಿಲಡೆಲ್ಫಿಯಾದ ಆರ್ಚ್ ಸ್ಟ್ರೀಟ್‌ನ 1804ರ ಸಭಾಗೃಹವನ್ನಾಗಲಿ, ಇಂಗ್ಲೆಂಡಿನ ಕಂಬ್ರಿಯಾದಲ್ಲಿರುವ 1675ರ ಬ್ರಿಗ್‌ಫ್ಲಾಟ್ಸ್ ಮನೆಯನ್ನಾಗಲಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಸುಣ್ಣದ ಗೋಡೆ, ಬರಿಯ ಮರ, ಬೆಳಕು ಬರುವ ಕಿಟಕಿ. ಮೂರೂವರೆ ಶತಮಾನದ ಹಿಂದೆ ಕಟ್ಟಿದ ಕೋಣೆಯಲ್ಲಿ ಇವತ್ತಿಗೂ ಅದೇ ಕೆಲಸ ನಡೆಯುತ್ತಿದೆ.

ಬ್ರಿಟನ್ನಿನ ಸಭೆಗಳಲ್ಲಿ ನಡುವೆ ಒಂದು ಮೇಜು, ಮೇಲೆ ಹೂವು, ಬೈಬಲ್, ಜೊತೆಗೆ ‘ಕ್ವೇಕರ್ ಫೇತ್ ಅಂಡ್ ಪ್ರಾಕ್ಟೀಸ್’ ಎಂಬ ದಪ್ಪ ಪುಸ್ತಕ. ‘ಅಡ್ವೈಸಸ್ ಅಂಡ್ ಕ್ವೆರೀಸ್’ ಎಂಬ ಕಿರುಪುಸ್ತಿಕೆಯೂ ಇರುತ್ತದೆ. 42 ಪುಟ್ಟ ಪರಿಚ್ಛೇದಗಳು, ಹೆಚ್ಚಿನವು ಪ್ರಶ್ನೆಗಳ ರೂಪದಲ್ಲಿ. ಕೂತ ಮೇಲೆ ಒಂದನ್ನು ಓದಿ ಮುಚ್ಚಿಟ್ಟರೆ ಸಾಕು, ಮನಸ್ಸಿಗೆ ಕೆಲಸ ಸಿಗುತ್ತದೆ. ಕಿವಿ ಮಂದವಿರುವವರು ಎಲ್ಲರ ಮುಖ ಕಾಣುವ ಜಾಗ ಹಿಡಿಯಲಿ. ಮಾತು ಯಾವ ಮೂಲೆಯಿಂದ ಬರುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ.

5. ನಂಬಿಕೆಯ ಪರೀಕ್ಷೆಗೆ ಹೆದರಬೇಡಿ

ಏನನ್ನು ನಂಬುತ್ತೀರಿ ಎಂದು ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಒಪ್ಪಿ ಹೇಳಬೇಕಾದ ಮತಸೂತ್ರವೂ ಇವರಲ್ಲಿ ಇಲ್ಲ. ಅದಕ್ಕೆ ಕಾರಣ ಪಂಥದ ಹುಟ್ಟಿನಲ್ಲೇ ಇದೆ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1624ರಲ್ಲಿ ಹುಟ್ಟಿದ ಜಾರ್ಜ್ ಫಾಕ್ಸ್ ಎಂಬ ತರುಣ, ಅಂತರ್ಯುದ್ಧದ ಕಾಲದಲ್ಲಿ ಊರೂರು ತಿರುಗಿ ಪಾದ್ರಿಗಳನ್ನು ಕೇಳಿದ. ಯಾರ ಉತ್ತರವೂ ಅವನಿಗೆ ತಾಗಲಿಲ್ಲ. ಕೊನೆಗೆ ದೇವರು ನಡುವೆ ಯಾರೂ ಇಲ್ಲದೆ ನೇರವಾಗಿ ಕಲಿಸುತ್ತಾನೆ, ಪ್ರತಿ ಮನುಷ್ಯನೊಳಗೂ ಅವನ ಅಂಶವಿದೆ ಎಂಬ ಅನುಭವಕ್ಕೆ ಬಂದ. 1652ರಲ್ಲಿ ಲ್ಯಾಂಕಶೈರ್‌ನ ಪೆಂಡಲ್ ಬೆಟ್ಟ ಹತ್ತಿ ಇಳಿದವನು ಬಯಲಲ್ಲಿ ನಿಂತು ದೊಡ್ಡ ಗುಂಪಿಗೆ ಇದನ್ನೇ ಹೇಳಿದ. ಅದೇ ವರ್ಷ ಸ್ವಾರ್ತ್‌ಮೋರ್ ಹಾಲ್‌ನ ಮಾರ್ಗರೆಟ್ ಫೆಲ್ ಜೊತೆಯಾದಳು. ಆಕೆಯ ಮನೆಯೇ ಚಳವಳಿಯ ನೆಲೆಯಾಯಿತು.

ದೇವರು ನೇರವಾಗಿ ಮಾತಾಡುತ್ತಾನೆ ಎಂದಮೇಲೆ ಪಾದ್ರಿ ಬೇಕಿಲ್ಲ. ನೀರಿನ ದೀಕ್ಷಾಸ್ನಾನ, ರೊಟ್ಟಿ ದ್ರಾಕ್ಷಾರಸದ ವಿಧಿಗಳೂ ಬೇಕಿಲ್ಲ. ಉಳಿದದ್ದು ಕಾಯುವುದು ಒಂದೇ. ನಡುವಿನ ದಲ್ಲಾಳಿ ಬೇಡವೆಂದು 12ನೇ ಶತಮಾನದಲ್ಲೇ ಸಾರಿದ ಶರಣರ ಮಾತು ಕೇಳಿ ಬೆಳೆದ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. ಆದರೂ ಎರಡೂ ಒಂದೇ ಎಂದು ಅವಸರದಲ್ಲಿ ತಳಕು ಹಾಕಬೇಡಿ. ಕ್ವೇಕರ್ ಮೌನ ಹುಟ್ಟಿದ್ದು ಬೈಬಲನ್ನು ಬಾಯಿಪಾಠ ಮಾಡಿಕೊಂಡಿದ್ದ ಜನರ ನಡುವೆ. ಈಗಿನ ಬ್ರಿಟಿಷ್ ಸಭೆಗಳಲ್ಲಿ ಕ್ರಿಸ್ತಭಕ್ತರ ಪಕ್ಕದಲ್ಲೇ ದೇವರ ಬಗ್ಗೆ ಅನುಮಾನವಿರುವವರೂ ಕೂರುತ್ತಾರೆ. ನೀವು ನಿಮ್ಮ ಮನೆದೇವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೂರಬಹುದು.

6. ಮೊದಲ ಕಾಲು ಗಂಟೆಯ ಚಡಪಡಿಕೆ ಸಹಜ

ಕಾಲು ತುರಿಸುತ್ತದೆ. ಹೊಟ್ಟೆ ಗುರ್ ಎನ್ನುತ್ತದೆ. ಹೊರಗೆ ಬಸ್ಸು ಹೋಗುತ್ತದೆ, ಒಳಗೆ ಹೀಟರು ಟಕ್ ಎನ್ನುತ್ತದೆ. ಮನಸ್ಸು ಫ್ರಿಜ್ಜಿನಲ್ಲಿಟ್ಟ ಹಿಟ್ಟಿನಿಂದ ಹಿಡಿದು ಹತ್ತು ವರ್ಷದ ಹಿಂದಿನ ಜಗಳದವರೆಗೆ ಓಡಾಡುತ್ತದೆ. ಇದರ ಜೊತೆ ಗುದ್ದಾಡಲು ಹೋಗಬೇಡಿ, ಇಡೀ ಗಂಟೆ ಅದಕ್ಕೇ ಹೋಗುತ್ತದೆ. ಬಂದದ್ದನ್ನು ಬರಲು ಬಿಟ್ಟು ಮತ್ತೆ ಕೋಣೆಗೆ ಮರಳಿ. ಹೀಗೆ ನಿಧಾನವಾಗಿ ತಳಕ್ಕೆ ಇಳಿಯುವುದಕ್ಕೆ ಕ್ವೇಕರರು ‘ಸೆಂಟರಿಂಗ್ ಡೌನ್’ ಎನ್ನುತ್ತಾರೆ. ಎಷ್ಟೋ ವರ್ಷದಿಂದ ಬರುತ್ತಿರುವವರಿಗೂ ಇದಕ್ಕೆ ಸಮಯ ಹಿಡಿಯುತ್ತದೆ.

ಪದ್ಮಾಸನ ಬೇಡ, ಬೆನ್ನು ಬಿಲ್ಲಿನಂತೆ ಬಿಗಿಯುವುದೂ ಬೇಡ. ಎರಡೂ ಪಾದ ನೆಲಕ್ಕೆ ಊರಿ ಆರಾಮಾಗಿ ಕೂರಿ. ಕಣ್ಣು ತೆರೆದಿರಬಹುದು, ಮುಚ್ಚಿರಬಹುದು. ಕೆಮ್ಮು ತಡೆಯಲಾಗದಿದ್ದರೆ ಹೊರಗೆ ಹೋಗಿ ನೀರು ಕುಡಿದು ಬನ್ನಿ. ಜೋಂಪು ಹತ್ತಿದರೂ ಯಾರೂ ತಪ್ಪೆಣಿಸುವುದಿಲ್ಲ.

ಏನು ಮಾಡಬೇಕೆಂದು ತೋಚದಿದ್ದರೆ ಎದುರಿನ ಸಾಲಿನ ಒಬ್ಬೊಬ್ಬರನ್ನೇ ನೋಡಿ, ಹೆಸರು ಗೊತ್ತಿಲ್ಲದಿದ್ದರೂ ಅವರಿಗೆ ಒಳ್ಳೆಯದಾಗಲಿ ಎಂದುಕೊಳ್ಳಿ. ಕಾಯಿಲೆಯಲ್ಲಿರುವವರನ್ನು, ಕಷ್ಟದಲ್ಲಿರುವವರನ್ನು ಹೀಗೆ ಮನಸ್ಸಿನಲ್ಲಿ ಹಿಡಿದಿಡುವುದಕ್ಕೆ ‘ಬೆಳಕಿನಲ್ಲಿ ಹಿಡಿಯುವುದು’ ಎನ್ನುತ್ತಾರೆ. ಕ್ವೇಕರರ ಪ್ರಾರ್ಥನೆ ಬಹುಮಟ್ಟಿಗೆ ಇದೇ. ಇಂಥದ್ದನ್ನೇ ಕೇಳಿಕೊಳ್ಳಬೇಕು ಎಂಬ ಬೇಡಿಕೆಯ ಪಟ್ಟಿ ಅದರಲ್ಲಿರುವುದಿಲ್ಲ.

7. ನಿಮ್ಮ ಧ್ಯಾನದೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಡಿ

ಈ ಬರಹದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ವಿಪಸ್ಸನ ಶಿಬಿರ ಮುಗಿಸಿದವರು, ದಿನಾ ಜಪ ಮಾಡುವವರು ಈ ಸಭೆಯಲ್ಲಿ ಬಲುಬೇಗ ನೆಮ್ಮದಿ ಕಂಡುಕೊಳ್ಳುತ್ತಾರೆ. ಕಣ್ಣು ಮುಚ್ಚಿ ತಮ್ಮೊಳಗೆ ಇಳಿದುಬಿಡುತ್ತಾರೆ. ನಡುವೆ ಯಾರೋ ಎದ್ದು ಮಾತಾಡಿದರೆ ಕಿರಿಕಿರಿಯಾಗುತ್ತದೆ, ಧ್ಯಾನ ಕೆಟ್ಟಿತು ಅನ್ನಿಸುತ್ತದೆ. ಹಾಗೆ ಅನ್ನಿಸಿದರೆ ಸಭೆಯಲ್ಲಿ ಕೂತೂ ಸಭೆಯ ಹೊರಗೆ ಉಳಿದಿರಿ ಎಂದರ್ಥ. ಪಕ್ಕದವರ ಉಸಿರು, ಎದುರಿನವರ ಚಡಪಡಿಕೆ, ಮಗುವಿನ ಕಿಲಕಿಲ, ಯಾರದೋ ಮಾತು ಇವೆಲ್ಲ ಸೇರಿಯೇ ಆ ಮೌನ. ತೇರಿನ ಹಗ್ಗಕ್ಕೆ ಕೈಹಚ್ಚಿದವರಲ್ಲಿ ಯಾರ ಬಲ ಎಷ್ಟು ಎಂದು ಬೇರ್ಪಡಿಸಿ ಹೇಳಲಾಗದ ಹಾಗೆ, ಇಲ್ಲೂ ಎಳೆದದ್ದು ಯಾರೆಂದು ತಿಳಿಯದೆ ಎಲ್ಲರೂ ಮುಂದೆ ಸಾಗಿರುತ್ತಾರೆ. ಹಾಗೆ ಕೂಡಿಬಂದ ಸಭೆಯನ್ನು ಅವರು ‘ಗ್ಯಾದರ್ಡ್ ಮೀಟಿಂಗ್’ ಎನ್ನುತ್ತಾರೆ. ಪ್ರತಿ ವಾರ ಅದು ಆಗುವುದಿಲ್ಲ. ಆದ ದಿನ ಹೊಸಬರಿಗೂ ಗೊತ್ತಾಗುತ್ತದೆ.

ಕೂಡಿ ಕೂರುವುದು ಅವರಿಗೆ ಎಷ್ಟು ಮುಖ್ಯವೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. 1664ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ರಾಜಚರ್ಚಿನ ಪದ್ಧತಿಯಲ್ಲದ ಆರಾಧನೆಗೆ ಮನೆಯವರನ್ನು ಬಿಟ್ಟು ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವುದು ಅಪರಾಧವಾಯಿತು. ಮೌನ ಒಬ್ಬೊಬ್ಬರದೇ ಆಗಿದ್ದರೆ ಕ್ವೇಕರರಿಗೆ ಏನೂ ತೊಂದರೆ ಇರಲಿಲ್ಲ. ಅವರವರ ಮನೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಯಾವ ಸಿಪಾಯಿಯೂ ಬರುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಹಗಲಿನಲ್ಲೇ, ಗೊತ್ತಾದ ಜಾಗದಲ್ಲೇ, ಬಾಗಿಲು ತೆರೆದಿಟ್ಟು ಸೇರಿದರು. ಸಾವಿರಾರು ಜನ ಸೆರೆಮನೆ ಸೇರಿದರು. ರೆಡಿಂಗ್‌ನಲ್ಲಿ, ಆಮೇಲೆ ಬ್ರಿಸ್ಟಲ್‌ನಲ್ಲಿ ದೊಡ್ಡವರೆಲ್ಲ ಜೈಲಿಗೆ ಹೋದಾಗ ಮಕ್ಕಳೇ ಸೇರಿ ಸಭೆ ನಡೆಸಿದರು.

ಲಂಡನ್ನಿನ ಗ್ರೇಸ್‌ಚರ್ಚ್ ಸ್ಟ್ರೀಟ್‌ನ ಸಭಾಗೃಹಕ್ಕೆ 1670ರಲ್ಲಿ ಸೈನಿಕರು ಕಾವಲು ನಿಂತು ಒಳಗೆ ಬಿಡಲಿಲ್ಲ. ಜನ ಬೀದಿಯಲ್ಲೇ ಸೇರಿದರು, ವಿಲಿಯಂ ಪೆನ್ ಅಲ್ಲೇ ಮಾತಾಡಿದ. ಅವನನ್ನೂ ವಿಲಿಯಂ ಮೀಡ್‌ನನ್ನೂ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ನಿಲ್ಲಿಸಿದರು. 12 ಜನರ ಜ್ಯೂರಿ ತಪ್ಪಿತಸ್ಥರೆಂದು ಹೇಳಲು ಒಪ್ಪಲಿಲ್ಲ. ಅನ್ನ ನೀರಿಲ್ಲದೆ ಎರಡು ರಾತ್ರಿ ಕೂಡಿಹಾಕಿದರೂ, ದಂಡ ಹಾಕಿದರೂ ಅವರು ಬಗ್ಗಲಿಲ್ಲ. ಅವರಲ್ಲಿ ದಂಡ ಕಟ್ಟದೆ ಜೈಲಿಗೆ ಹೋದ ಎಡ್ವರ್ಡ್ ಬುಶೆಲ್‌ನ ಮೊಕದ್ದಮೆಯಲ್ಲಿ, ತೀರ್ಪು ಹಿಡಿಸಲಿಲ್ಲವೆಂದು ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದು ಕೋರ್ಟು ಹೇಳಿತು. ಜ್ಯೂರಿಯ ಸ್ವಾತಂತ್ರ್ಯದ ಮಾತು ಬಂದಾಗೆಲ್ಲ ವಕೀಲರು ಇವತ್ತಿಗೂ ಅದನ್ನು ನೆನೆಯುತ್ತಾರೆ. ಕ್ವೇಕರರಿಗೆ ಬಹಿರಂಗವಾಗಿ ಕೂರುವ ಕಾನೂನುಬದ್ಧ ಅವಕಾಶ ಸಿಕ್ಕಿದ್ದು 1689ರಲ್ಲಿ.

ನಿಮ್ಮ ಪಕ್ಕದಲ್ಲಿ ಒಬ್ಬರು ಬಂದು ಕೂರುವುದಕ್ಕೆ ಒಂದು ಕಾಲದಲ್ಲಿ ಇಷ್ಟು ಬೆಲೆ ತೆರಬೇಕಾಗಿತ್ತು. ಅವರನ್ನು ಅಡಚಣೆ ಎಂದೆಣಿಸಬೇಡಿ. ಕಣ್ಣು ಮುಚ್ಚಿದರೂ ಕಿವಿ ತೆರೆದಿರಲಿ.

8. ಯಾರಾದರೂ ಎದ್ದು ಮಾತಾಡಿದರೆ ಪೂರ್ತಿ ಕೇಳಿ

ಹೆಚ್ಚೆಂದರೆ ಮೂರ್ನಾಲ್ಕು ನಿಮಿಷದ ಮಾತು. ತೋಟದಲ್ಲಿ ಕಂಡದ್ದು, ತೀರಿಕೊಂಡ ಗೆಳತಿ, ಪೇಪರಿನಲ್ಲಿ ಓದಿದ ಯುದ್ಧದ ಸುದ್ದಿ, ಬೈಬಲಿನ ಒಂದು ಪ್ರಸಂಗ, ಯಾವುದೂ ಇರಬಹುದು. ಕೆಲವರು ಹಾಡುವುದೂ ಉಂಟು. ಇದಕ್ಕೆ ಅವರು ‘ಮಿನಿಸ್ಟ್ರಿ’ ಎನ್ನುತ್ತಾರೆ. ಉತ್ತರ ಕೊಡುವಂತಿಲ್ಲ, ಚಪ್ಪಾಳೆ ಇಲ್ಲ, ಹೌದುಹೌದು ಎಂದು ತಲೆಯಾಡಿಸುವುದೂ ಇಲ್ಲ. ಮಾತು ಮುಗಿದ ಮೇಲೆ ಮತ್ತೆ ಮೌನ, ಆ ಮಾತು ಇಳಿಯಲು ಬೇಕಾದಷ್ಟು ಹೊತ್ತು.

ಎಲ್ಲ ಮಾತೂ ಚೆನ್ನಾಗಿರುತ್ತದೆಂದು ನಿರೀಕ್ಷಿಸಬೇಡಿ. ಕೆಲವು ಉದ್ದವಾಗುತ್ತವೆ, ಕೆಲವು ಭಾಷಣವಾಗುತ್ತವೆ. ನಿಮಗೆ ಒಗ್ಗದ್ದನ್ನು ಹಾಗೇ ಬಿಡಿ, ಅದು ಇನ್ಯಾರಿಗೋ ಬೇಕಾಗಿದ್ದಿರಬಹುದು. ಇಡೀ ಗಂಟೆ ಒಬ್ಬರೂ ಬಾಯಿ ತೆರೆಯದಿದ್ದರೂ ಸಭೆ ವಿಫಲವಾಯಿತೆಂದಲ್ಲ. ಒಬ್ಬರಾದ ಮೇಲೊಬ್ಬರು ಬಿಡುವಿಲ್ಲದೆ ಎದ್ದರೇ ಹಳಬರಿಗೆ ಕಸಿವಿಸಿ.

ಅಮೆರಿಕನ್ನರ ಇಂಗ್ಲಿಷ್ ಉಚ್ಚಾರಣೆ ಪೂರ್ತಿ ಹಿಡಿಯದ ನಮ್ಮ ಅಪ್ಪ ಅಮ್ಮಂದಿರಿಗೆ ಒಂದು ಪ್ರಸಂಗ ಹೇಳಬೇಕು. ನ್ಯೂಜೆರ್ಸಿಯ ಕ್ವೇಕರ್ ಜಾನ್ ವುಲ್ಮನ್, ದರ್ಜಿ ಕೆಲಸ ಮಾಡಿಕೊಂಡಿದ್ದವನು, 1763ರಲ್ಲಿ ಗಡಿಯಲ್ಲಿ ಯುದ್ಧದ ಭಯವಿದ್ದಾಗಲೇ ಪೆನ್ಸಿಲ್ವೇನಿಯಾದ ಮೂಲನಿವಾಸಿಗಳ ಹಳ್ಳಿಗೆ ಹೋದ. ಒಂದು ಸಂಜೆ ದುಭಾಷಿಯ ನೆರವು ಬಿಟ್ಟು ತನ್ನ ಭಾಷೆಯಲ್ಲೇ ಪ್ರಾರ್ಥಿಸಿದ. ಪಾಪುನೆಹಾಂಗ್ ಎಂಬ ಮುಖಂಡನಿಗೆ ಒಂದು ಶಬ್ದವೂ ತಿಳಿಯುವಂತಿರಲಿಲ್ಲ. ಆದರೂ ಮಾತು ಹೊರಡುವ ಜಾಗವನ್ನು ಅರಿಯುವುದೇ ತನಗೆ ಪ್ರಿಯ ಎಂದು ಅವನು ಹೇಳಿದನಂತೆ. ವುಲ್ಮನ್ ಅದನ್ನು ತನ್ನ ದಿನಚರಿಯಲ್ಲಿ ದಾಖಲಿಸಿದ್ದಾನೆ. ಸಭೆಯಲ್ಲಿ ಕೇಳಿಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

9. ನಿಮಗೇ ಮಾತಾಡಬೇಕೆನಿಸಿದರೆ ಮೊದಲು ತೂಗಿ ನೋಡಿ

ಹೊಸಬರು ಮಾತಾಡಬಾರದೆಂಬ ನಿಯಮ ಇಲ್ಲ. ಮಾತಾಡಲೇಬೇಕು ಎಂದಾಗಲಿ, ಬಾಯಿ ಬಿಡಲೇಬಾರದು ಎಂದಾಗಲಿ ಮನೆಯಲ್ಲೇ ತೀರ್ಮಾನಿಸಿಕೊಂಡು ಬರಬೇಡಿ ಎಂಬುದು ಅವರಲ್ಲಿ ತಲೆಮಾರುಗಳಿಂದ ಬಂದ ಬುದ್ಧಿಮಾತು.

ಮಾತು ಒಳಗೆ ಎದ್ದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ನನ್ನ ಜಾಣತನವೋ, ನನಗೇ ಗೊತ್ತಿಲ್ಲದೆ ಬಂದದ್ದೋ? ಇದು ನನಗಷ್ಟೇ ಹೇಳಿದ್ದೋ, ಎಲ್ಲರಿಗೂ ಸಲ್ಲುವಂಥದ್ದೋ? ಈಗಲೇ ಹೇಳಬೇಕಾದ್ದೋ, ಇನ್ನೊಂದು ವಾರ ಕಾದರೂ ಆದೀತೋ? ಅನುಮಾನವಿದ್ದರೆ ಕೂತಿರಿ. ಎದೆ ಡವಡವ ಎನ್ನುತ್ತ, ಕೂತರೂ ಕೂರಲಾಗದಂತೆ ಅದು ನೂಕುತ್ತಿದ್ದರೆ ಏಳಿ. ಎಲ್ಲರಿಗೂ ಕೇಳುವಂತೆ ಹೇಳಿ, ಚಿಕ್ಕದಾಗಿ ಹೇಳಿ, ಮುಗಿದ ಕೂಡಲೇ ಕೂತುಬಿಡಿ. ಇಂಗ್ಲಿಷ್ ತಡವರಿಸಿದರೆ ಚಿಂತಿಸಬೇಡಿ.

ಹಿಂದಿನವರ ಮಾತಿಗೆ ಉತ್ತರ, ಚುನಾವಣೆಯ ವಾದ, ಕಾರ್ಯಕ್ರಮದ ಪ್ರಕಟಣೆ, ಭಾರತದ ಸಂಸ್ಕೃತಿಯ ಪರಿಚಯ ಇವು ಯಾವುವೂ ಇಲ್ಲಿ ಬೇಡ. ಎರಡನೇ ಸಲ ಏಳಬೇಡಿ.

ಹೆಚ್ಚು ಮಾತಾಡಿದೆನೇ ಎಂಬ ಅಳುಕು ದೊಡ್ಡವರನ್ನೂ ಬಿಟ್ಟಿಲ್ಲ. ಅದೇ ವುಲ್ಮನ್ ಇಪ್ಪತ್ತರ ಹರೆಯದಲ್ಲಿ ಒಮ್ಮೆ ಸಭೆಯಲ್ಲಿ ಎದ್ದು, ಒಳಗಿನಿಂದ ಬಂದದ್ದಕ್ಕಿಂತ ತುಸು ಹೆಚ್ಚು ಹೇಳಿಬಿಟ್ಟ. ವಾರಗಟ್ಟಲೆ ಕೊರಗಿದ. ಆಮೇಲೆ ಮತ್ತೆ ಎದ್ದಾಗ ಕೆಲವೇ ಮಾತು ಆಡಿ ಕೂತ, ಮನಸ್ಸು ಹಗುರವಾಯಿತು ಎಂದು ಬರೆದುಕೊಂಡಿದ್ದಾನೆ.

10. ಮಕ್ಕಳನ್ನು ಕರೆದುಕೊಂಡೇ ಹೋಗಿ

ಸಾಮಾನ್ಯವಾಗಿ ಮಕ್ಕಳು ಶುರುವಿನಲ್ಲೋ ಕೊನೆಯಲ್ಲೋ ಹತ್ತು ಹದಿನೈದು ನಿಮಿಷ ದೊಡ್ಡವರ ಜೊತೆ ಕೂರುತ್ತಾರೆ, ಉಳಿದ ಹೊತ್ತು ಬೇರೆ ಕೋಣೆಯಲ್ಲಿ ಕತೆ, ಚಿತ್ರ, ಆಟ. ಚಿಕ್ಕ ಸಭೆಗಳಲ್ಲಿ ಪ್ರತಿ ವಾರ ಈ ಏರ್ಪಾಟು ಇರುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿ. ಮಗು ಸದ್ದು ಮಾಡಿದರೆ ಗಾಬರಿಯಿಂದ ಎತ್ತಿಕೊಂಡು ಓಡಬೇಡಿ.

11. ಕೈಕುಲುಕಿದರೆ ಮುಗಿಯಿತು

ಗಂಟೆ ಕಳೆದ ಮೇಲೆ ಅದಕ್ಕೆಂದು ಗೊತ್ತುಮಾಡಿದ ಇಬ್ಬರು ಪರಸ್ಪರ ಕೈಕುಲುಕುತ್ತಾರೆ. ಕೂಡಲೇ ಎಲ್ಲರೂ ಅಕ್ಕಪಕ್ಕದವರ ಕೈಕುಲುಕುತ್ತಾರೆ. ಕೈಮುಗಿದರೂ ಸರಿಯೇ. ಆಮೇಲೆ ಪ್ರಕಟಣೆಗಳು. ಹೊಸಬರು ಯಾರಾದರೂ ಇದ್ದೀರಾ ಎಂದು ಕೇಳಬಹುದು, ಹೆಸರು ಮತ್ತು ಊರು ಹೇಳಿದರೆ ಸಾಕು. ಇಷ್ಟವಿಲ್ಲದಿದ್ದರೆ ಸುಮ್ಮನಿರಬಹುದು. ಕಾಣಿಕೆ ತಟ್ಟೆ ಸಾಮಾನ್ಯವಾಗಿ ಸುತ್ತುವುದಿಲ್ಲ.

12. ಚಹಾಕ್ಕೆ ನಿಲ್ಲಿ

ಹೊಸಬರಲ್ಲಿ ಅನೇಕರು ಇಲ್ಲೇ ಜಾರಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಗಂಟೆ ಜೊತೆಗೆ ಕೂತವರ ಪರಿಚಯವಾಗುವುದು ಈ ಅರ್ಧ ಗಂಟೆಯಲ್ಲೇ. ಕ್ವೇಕರರು ತಮ್ಮ ಪಂಥಕ್ಕೆ ಸೇರಿ ಎಂದು ಬೆನ್ನು ಹತ್ತುವುದಿಲ್ಲ. ಆ ಹಿಂಜರಿಕೆಯನ್ನು ಕೆಲವರು ತಣ್ಣನೆಯ ಸ್ವಭಾವ ಎಂದು ತಿಳಿಯುತ್ತಾರೆ. ನೀವಾಗಿ ಒಂದು ಪ್ರಶ್ನೆ ಕೇಳಿ ನೋಡಿ, ಮಾತು ಬಿಡುವುದೇ ಇಲ್ಲ. ಪಕ್ಕದ ಕಪಾಟಿನಲ್ಲಿ ಪುಸ್ತಕಗಳಿರುತ್ತವೆ, ಕೇಳಿದರೆ ಮನೆಗೆ ಕೊಡುತ್ತಾರೆ.

ಅಲ್ಲಿ ಎಪ್ಪತ್ತೈದು ದಾಟಿದವರನ್ನೂ ಬರಿಯ ಹೆಸರಿನಿಂದಲೇ ಕರೆಯುತ್ತಾರೆ. ದೊಡ್ಡವರ ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳುವುದಿಲ್ಲ, ಆದರೆ ಅಲ್ಲಿ ಅದೇ ಗೌರವ. ಹದಿನೇಳನೇ ಶತಮಾನದ ಕ್ವೇಕರರು ನ್ಯಾಯಾಧೀಶರ ಮುಂದೆಯೂ ಹ್ಯಾಟು ತೆಗೆಯಲಿಲ್ಲ, ದೊರೆಗಳನ್ನೂ ಏಕವಚನದಲ್ಲೇ ಮಾತಾಡಿಸಿದರು, ಅದಕ್ಕಾಗಿ ಜೈಲಿಗೂ ಹೋದರು. ಎಲ್ಲರೂ ಸಮಾನರೆಂಬ ನಂಬಿಕೆ ಅವರಲ್ಲಿ ಮಾತಿಗೆ ಬಂದದ್ದು ಹೀಗೆ. ಮಾತಿನ ನಡುವೆ ಕಿವಿಗೆ ಬೀಳುವ ‘ಕ್ಲರ್ಕ್’ ಎಂದರೆ ವ್ಯವಹಾರದ ಸಭೆ ನಡೆಸಿಕೊಡುವವರು, ‘ಎಲ್ಡರ್’ ಎಂದರೆ ಆರಾಧನೆಯ ಹೊಣೆ ಹೊತ್ತವರು. ಎರಡೂ ಕೆಲವು ವರ್ಷಕ್ಕೆಂದು ವಹಿಸಿದ ಕೆಲಸ, ವಯಸ್ಸಿಗೂ ಪದವಿಗೂ ಸಂಬಂಧವಿಲ್ಲ.

13. ಈ ಮೌನದಿಂದ ಏನು ಕೆಲಸ ಹುಟ್ಟಿದೆ ಎಂದು ಕೇಳಿ

ಚಹಾದ ಹೊತ್ತಿನಲ್ಲಿ ಕೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನಿರಾಶ್ರಿತರಿಗೆ ಭಾಷೆ ಕಲಿಸುವುದೋ, ಕೈದಿಗಳನ್ನು ಕಾಣಲು ಹೋಗುವುದೋ, ಯುದ್ಧದ ವಿರುದ್ಧ ರಸ್ತೆಯಲ್ಲಿ ನಿಲ್ಲುವುದೋ, ಪ್ರತಿ ಸಭೆಗೂ ಒಂದಲ್ಲ ಒಂದು ಕೆಲಸ ಇರುತ್ತದೆ. ಎರಡು ಮಹಾಯುದ್ಧಗಳಲ್ಲಿ ನೊಂದವರಿಗೆ ಪಕ್ಷ ನೋಡದೆ ನೆರವಾದ ಬ್ರಿಟಿಷ್ ಮತ್ತು ಅಮೆರಿಕನ್ ಕ್ವೇಕರ್ ಸೇವಾಸಂಸ್ಥೆಗಳಿಗೆ 1947ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನಮ್ಮ ದೇಶದ ಕತೆಯಲ್ಲೂ ಇವರಿದ್ದಾರೆ. ಉಪ್ಪಿನ ಸತ್ಯಾಗ್ರಹಕ್ಕೆ ಮುನ್ನ 1930ರ ಮಾರ್ಚ್‌ನಲ್ಲಿ ಗಾಂಧೀಜಿ ವೈಸರಾಯ್ ಇರ್ವಿನ್‌ಗೆ ಬರೆದ ಪತ್ರವನ್ನು ಕೊಂಡೊಯ್ದು ಕೊಟ್ಟದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ಕ್ವೇಕರ್ ತರುಣ. ಮರುವರ್ಷ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಗಾಂಧೀಜಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕ್ವೇಕರರ ವುಡ್‌ಬ್ರೂಕ್ ವಿದ್ಯಾಕೇಂದ್ರದಲ್ಲಿ ತಂಗಿದ್ದರು. 1928ರಲ್ಲಿ ಮದ್ರಾಸಿಗೆ ಶಿಕ್ಷಕಿಯಾಗಿ ಬಂದ ಮಾರ್ಜರಿ ಸೈಕ್ಸ್ ಮುಂದೆ ಶಾಂತಿನಿಕೇತನದಲ್ಲಿ ಕಲಿಸಿದರು, ಸೇವಾಗ್ರಾಮದಲ್ಲಿ ನಯೀ ತಾಲೀಮ್ ಶಿಕ್ಷಣದ ಕೆಲಸ ಹೊತ್ತರು, ನಮ್ಮ ಗಡಿಯಾಚೆಯ ನೀಲಗಿರಿಯ ಕೋಟಗಿರಿಯಲ್ಲಿ ಬಹುಕಾಲ ಬಾಳಿದರು, ಭಾರತದ ಪೌರತ್ವವನ್ನೂ ಪಡೆದರು.

ಹೊಗಳಿಕೆಯ ಜೊತೆ ಇದನ್ನೂ ಹೇಳಬೇಕು. ಕಾಯುವ ಅಭ್ಯಾಸ ಕೆಲವೊಮ್ಮೆ ತಡಮಾಡುವ ಅಭ್ಯಾಸವೂ ಆಗಿದೆ. ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನ ಕೆಲವರು ಗುಲಾಮಗಿರಿಯ ವಿರುದ್ಧ ಲಿಖಿತ ಪ್ರತಿಭಟನೆ ಸಲ್ಲಿಸಿದ್ದು 1688ರಲ್ಲಿ. ಫಿಲಡೆಲ್ಫಿಯಾದ ವಾರ್ಷಿಕ ಸಭೆ ತನ್ನ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಕೂಡದು ಎಂದದ್ದು 1776ರಲ್ಲಿ. ನಡುವಿನ 88 ವರ್ಷ ಎಷ್ಟೋ ಸಜ್ಜನ ಕ್ವೇಕರರು ಗುಲಾಮರನ್ನಿಟ್ಟುಕೊಂಡೇ ಈ ಮೌನದಲ್ಲಿ ಕೂತರು. ವಿಲಿಯಂ ಪೆನ್ ಕೂಡ ಅವರಲ್ಲೊಬ್ಬ. ವುಲ್ಮನ್‌ನಂಥವರು ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿ ಆ ತೀರ್ಮಾನಕ್ಕೆ ನೆಲ ಹದಮಾಡಬೇಕಾಯಿತು. ಅವರ ವ್ಯವಹಾರದ ಸಭೆಗಳಲ್ಲಿ ಮತಕ್ಕೆ ಹಾಕುವುದಿಲ್ಲ, ಎಲ್ಲರ ಮನಸ್ಸು ಒಂದು ಕಡೆ ಬರುವವರೆಗೆ ಕಾಯುತ್ತಾರೆ. ಅದರ ಬಲವೂ ಬೆಲೆಯೂ ಎರಡೂ ಈ 88 ವರ್ಷದಲ್ಲಿವೆ.

14. ಒಂದೇ ಸಲಕ್ಕೆ ತೀರ್ಮಾನಿಸಬೇಡಿ

ಒಂದು ಭಾನುವಾರ ಮಾತು ಹೆಚ್ಚಿರುತ್ತದೆ, ಇನ್ನೊಂದು ಭಾನುವಾರ ಒಂದೂ ಇರುವುದಿಲ್ಲ. ಮೂರ್ನಾಲ್ಕು ಸಲ ಹೋಗಿ. ಹತ್ತಿರದಲ್ಲಿ ಇನ್ನೊಂದು ಸಭಾಗೃಹವಿದ್ದರೆ ಅಲ್ಲಿಗೂ ಹೋಗಿ ನೋಡಿ, ಒಂದೊಂದರ ಗುಣ ಒಂದೊಂದು. ಸದಸ್ಯರಾಗದೆಯೇ ವರ್ಷಗಟ್ಟಲೆ ಬರುವವರು ಪ್ರತಿ ಸಭೆಯಲ್ಲೂ ಇದ್ದಾರೆ.

ಕರ್ನಾಟಕದಲ್ಲೇ ಇದ್ದು ಕುತೂಹಲವಿರುವವರಿಗೂ ದಾರಿ ಇದೆ. ಹಲವು ಕಡೆಯ ಕ್ವೇಕರರು ಆನ್‌ಲೈನ್ ಸಭೆಗಳನ್ನು ನಡೆಸುತ್ತಾರೆ, ಯಾರು ಬೇಕಾದರೂ ಸೇರಬಹುದು. ಬ್ರಿಟನ್ನಿನ ಅನೇಕ ಸಭೆಗಳು ಭಾನುವಾರ ಬೆಳಿಗ್ಗೆ 10:30ಕ್ಕೆ. ನಮ್ಮಲ್ಲಿ ಅದು ಚಳಿಗಾಲದಲ್ಲಿ ಸಂಜೆ 4 ಗಂಟೆ, ಅವರ ಬೇಸಿಗೆಯಲ್ಲಿ ಮಧ್ಯಾಹ್ನ 3 ಗಂಟೆ. ಐದು ನಿಮಿಷ ಮುಂಚೆ ಸೇರಿಕೊಳ್ಳಿ, ಮೈಕ್ ಮ್ಯೂಟ್ ಮಾಡಿ, ಮನೆಯವರಿಗೆ ಒಂದು ಗಂಟೆ ಕರೆಯಬೇಡಿ ಎಂದು ಹೇಳಿಡಿ. ಕ್ಯಾಮೆರಾ ಆನ್ ಇರಲಿ. ನೀವು ಉಳಿದವರನ್ನು ನೋಡುವಷ್ಟೇ ಅವರೂ ನಿಮ್ಮನ್ನು ನೋಡಬೇಕು.